ಬಾಖ್‌ನ ‘ಇಖ್ ರೂಫ್ ತ್ಸು ಡಿಯರ್’ ನುಡಿಸಲು ನಾನು ಕಲಿತ ಬಗೆ

ಮೊದಲು ಹಾಡಿದೆ. ಎಷ್ಟೋ ದಿನ ಆರ್ಗನ್ (ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ, ಕೈಗೂ ಕಾಲಿಗೂ ಕೀಗಳಿರುವ ಚರ್ಚಿನ ವಾದ್ಯ) ಮುಟ್ಟದೆ ಬರೀ ಹಾಡಿದೆ. ‘ಕರ್ತನಾದ ಯೇಸುವೇ, ನಿನ್ನನ್ನು ಕೂಗುತ್ತೇನೆ’ ಎಂಬ ಅರ್ಥದಲ್ಲಿ ಶುರುವಾಗುವ ಹಳೆಯ ಲೂಥರನ್ (ಜರ್ಮನ್ ಪ್ರೊಟೆಸ್ಟಂಟ್) ಚರ್ಚಿನ ಹಾಡು ಇದು. ಇದರ ರಾಗ ಇಟ್ಟುಕೊಂಡು ಜರ್ಮನ್ ಸಂಗೀತ ರಚನೆಕಾರ ಬಾಖ್ ಆರ್ಗನ್‌ಗೆ ಬರೆದ ಪುಟ್ಟ ಕೃತಿಯ ಸಂಖ್ಯೆ, ಅವನ ಕೃತಿಗಳ ಪಟ್ಟಿಯಲ್ಲಿ, ಬಿಡಬ್ಲ್ಯುವಿ 639. ‘ಆರ್ಗೆಲ್‌ಬ್ಯೂಖ್‌ಲೈನ್’ (ಪುಟ್ಟ ಆರ್ಗನ್ ಪುಸ್ತಕ) ಎಂಬ ಸಂಗ್ರಹದಲ್ಲಿದೆ. ಅದರ ಹೆಚ್ಚಿನ ಭಾಗವನ್ನು ಬಾಖ್ ಬರೆದದ್ದು 1708ರಿಂದ 1717ರವರೆಗೆ ಜರ್ಮನಿಯ ವೈಮಾರ್ ಆಸ್ಥಾನದಲ್ಲಿದ್ದಾಗ. 164 ಹಾಡುಗಳಿಗೆ ಜಾಗ ಬಿಟ್ಟಿದ್ದ. ಮುಗಿದದ್ದು ಸುಮಾರು 46 ಮಾತ್ರ.

ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಚರ್ಚಿನಲ್ಲಿ ಜರ್ಮನ್ ರಾಗಗಳಿಗೆ ಕನ್ನಡ ಗೀತೆ ಹಾಡಿ ಬೆಳೆದವಳು ನಾನು. ಸಾಲು ಮುಗಿದ ಕಡೆ ಸಭೆಯೆಲ್ಲ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತದೆ. ಆ ಉಸಿರು ಈ ಕೃತಿಗೂ ಬೇಕು.

ಸಂಗ್ರಹದ ಬೇರೆ ಕೃತಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಧ್ವನಿ, ಅಂದರೆ ಒಟ್ಟಿಗೆ ಸಾಗುವ ನಾಲ್ಕು ಸ್ವರಸಾಲು. ಇಲ್ಲಿ ಮೂರೇ. ಬಲಗೈಯಲ್ಲಿ ಹಾಡಿನ ರಾಗ, ಅಲ್ಲಲ್ಲಿ ಸ್ವಲ್ಪ ಅಲಂಕಾರ. ಎಡಗೈ ಇನ್ನೊಂದು ಕೀಬೋರ್ಡಿನಲ್ಲಿ ಬೀಟಿಗೆ ನಾಲ್ಕು ಸ್ವರ ಹರಿಸುತ್ತದೆ. ಪಾದಗಳು ಪೆಡಲ್ (ಕಾಲಿನಿಂದ ಒತ್ತುವ ಕೀಗಳು) ಮೇಲೆ ಬೀಟಿಗೆ ಎರಡು ಸ್ವರದಂತೆ ಒಂದೇ ಸಮ ನಡೆಯುತ್ತವೆ.

ನಾನು ಕಾಲಿನಿಂದ ಶುರು ಮಾಡಿದೆ. ಪೆಡಲ್ ನುಡಿಸುತ್ತಾ ಬಾಯಲ್ಲಿ ರಾಗ ಹಾಡುವುದು, ಅಷ್ಟೇ. ಹಿಮ್ಮಡಿ ಬಳಸದೆ ಕಾಲ್ಬೆರಳ ತುದಿಯಿಂದಲೇ ಒತ್ತಿದೆ. ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆ ನಡುವೆ ಚೂರು ಬಿಡುವು ಕೊಡಲೇಬೇಕು, ಇಲ್ಲದಿದ್ದರೆ ಎಲ್ಲ ಅಂಟಿಕೊಳ್ಳುತ್ತದೆ. ಆಮೇಲೆ ಎಡಗೈ ಸೇರಿಸಿದೆ. ಕೊನೆಗೆ ಬಲಗೈ.

ಆರ್ಗನ್‌ನಲ್ಲಿ ಕೀ ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ ಅಲ್ವಾ. ವೀಣೆಯ ತಂತಿ ಎಳೆದಂತೆ ಸ್ವರವನ್ನು ಜಾರಿಸಲೂ ಆಗದು. ಹಾಗಾಗಿ ಭಾವವೆಲ್ಲ ಬರಬೇಕಾದದ್ದು ಸ್ವರ ಎಷ್ಟು ಹೊತ್ತು ನಿಂತಿತು, ಎಲ್ಲಿ ಬಿಟ್ಟಿತು ಎನ್ನುವುದರಿಂದ. ಮುಖ್ಯವಾದ ಸ್ವರವನ್ನು ತುಸು ಹಿಡಿದೆ, ಅದರ ಹಿಂದಿನದನ್ನು ತುಸು ಮೊದಲೇ ಬಿಟ್ಟೆ. ಕಿವಿಗೆ ಒತ್ತು ಕೊಟ್ಟಂತೆಯೇ ಕೇಳುತ್ತದೆ! ಸಾಲಿನ ಕೊನೆಯಲ್ಲಿ ಬಲಗೈ ಉಸಿರಾಡಿದರೂ ಎಡಗೈ, ಕಾಲು ನಿಲ್ಲಬಾರದು. ನನ್ನ ಅಭ್ಯಾಸದ ಹೊತ್ತೆಲ್ಲ ಹೋದದ್ದು ಇಲ್ಲಿಯೇ.

ಮೊದಲ ಎರಡು ಸಾಲಿನ ಸಂಗೀತ ಮತ್ತೊಮ್ಮೆ ಬರುತ್ತದೆ. ಆದರೆ ಹಾಡಿನ ಮಾತು ಬೇರೆ. ಮೊದಲ ಸಲ ಮೊರೆ ಕೇಳು ಅಂತ, ಎರಡನೇ ಸಲ ಧೈರ್ಯಗೆಡಲು ಬಿಡಬೇಡ ಅಂತ. ಆ ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡು ನುಡಿಸುತ್ತೇನೆ. ಆಗ ಎರಡನೇ ಸಲ ತಾನಾಗಿಯೇ ಬೇರೆ ಥರ ಬರುತ್ತದೆ.

ತುಂಬ ನಿಧಾನ ಬೇಡ. ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಹಾಡಲು ಆಗುವಷ್ಟು ವೇಗ ಸಾಕು.

ಸ್ಟಾಪ್‌ಗಳ (ಯಾವ ಕೊಳವೆಗಳು ನುಡಿಯಬೇಕೆಂದು ಆರಿಸುವ ಗುಂಡಿಗಳು) ವಿಷಯಕ್ಕೆ ಬಂದರೆ, ಬಲಗೈಗೆ ಹಾಡುವಂಥ ಒಂದು ಪ್ರಿನ್ಸಿಪಲ್ (ಆರ್ಗನ್‌ನ ಮೂಲ ದನಿ), ಎಡಗೈಗೆ 8 ಅಡಿಯ (ಕೊಳವೆಯ ಉದ್ದದ ಲೆಕ್ಕ; ಉದ್ದ ಹೆಚ್ಚಿದಷ್ಟೂ ಸ್ವರ ತಗ್ಗು) ಮೆತ್ತನೆಯ ಫ್ಲೂಟ್. ಪೆಡಲ್‌ಗೆ 8 ಅಡಿಯದರ ಜೊತೆ 16 ಅಡಿಯ ಮೆಲುದನಿಯದೊಂದು. ಚರ್ಚು ದೊಡ್ಡದಿದ್ದು ಪ್ರತಿಧ್ವನಿ ಜಾಸ್ತಿಯಾದರೆ 16 ಅಡಿಯದನ್ನು ತೆಗೆದುಬಿಡುತ್ತೇನೆ, ಪೆಡಲ್ ಸ್ವರಗಳನ್ನು ಇನ್ನೂ ಗಿಡ್ಡ ಮಾಡುತ್ತೇನೆ.