ಒಂದೇ ಲಾಗಿನ್‌ನಲ್ಲಿ ಕಚೇರಿಯ ಎಲ್ಲ ಆ್ಯಪ್: ಸಿಂಗಲ್ ಸೈನ್-ಆನ್ ಹೇಗೆ?

ಗೋಣಿಕೊಪ್ಪಲಿನಲ್ಲಿ ಒಂದು ಕಾಫಿ ಖರೀದಿ ಕಚೇರಿ ಇದೆ ಅಂದುಕೊಳ್ಳಿ. ತೂಕ ಬರೆಯಲು ಒಂದು ಆ್ಯಪ್, ದಾಸ್ತಾನಿಗೆ ಇನ್ನೊಂದು, ಲೆಕ್ಕಕ್ಕೆ ಮತ್ತೊಂದು, ಮೇಲ್ ಬೇರೆ. ಕೊಯ್ಲಿನ ಸೀಸನ್‌ಗೆಂದು ಸೇರಿದ ಹುಡುಗರು ಬೇಸಿಗೆ ಹೊತ್ತಿಗೆ ಹೊರಡುತ್ತಾರೆ. ಅವರ ಲಾಗಿನ್‌ಗಳು ಮಾತ್ರ ಹಾಗೇ ಉಳಿದಿರುತ್ತವೆ. ಪಾಸ್‌ವರ್ಡ್ ನೆನಪಿಡುವ ಕಷ್ಟ ತಪ್ಪುವುದು ಸಿಂಗಲ್ ಸೈನ್-ಆನ್‌ನ ಲಾಭ ಹೌದು. ಆದರೆ ಬಿಟ್ಟುಹೋದವರ ಪ್ರವೇಶವನ್ನು ಒಂದೇ ಕಡೆ ನಿಲ್ಲಿಸಬಹುದಲ್ವಾ, ನನಗೆ ಅದೇ ದೊಡ್ಡದು.

ಮೊದಲು, ಗುರುತು ಪರೀಕ್ಷಿಸುವ ಕೆಲಸ ಯಾರದು ಎಂದು ತೀರ್ಮಾನಿಸಿ. ಕಚೇರಿಯ ಮೇಲ್ ಗೂಗಲ್ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ 365ರಲ್ಲಿದ್ದರೆ ಅದೇ ಸಾಕು. ಸ್ವಂತ ಸರ್ವರ್ ಬೇಕೆನ್ನುವವರಿಗೆ ಕೀಕ್ಲೋಕ್ ಎಂಬ ಸಾಫ್ಟ್‌ವೇರ್ ಇದೆ, ಉಚಿತ. ಈ ಕೆಲಸ ಮಾಡುವುದನ್ನೇ ಇಲ್ಲಿ ಗುರುತಿನ ಸರ್ವರ್ ಎನ್ನುತ್ತೇನೆ.

ಆಮೇಲೆ ಆ್ಯಪ್‌ಗಳನ್ನು ಒಂದೊಂದಾಗಿ ಜೋಡಿಸಿ. ಆ್ಯಪ್ ಮತ್ತು ಗುರುತಿನ ಸರ್ವರ್ ಮಾತಾಡಿಕೊಳ್ಳಲು ಎರಡು ಜನಪ್ರಿಯ ಪದ್ಧತಿಗಳಿವೆ: 2005ರ ಸ್ಯಾಮಲ್ 2.0 ಇದೆಯೋ, 2014ರ ಓಪನ್‌ಐಡಿ ಕನೆಕ್ಟ್ ಇದೆಯೋ ಎಂದು ಆ್ಯಪ್‌ನವರನ್ನು ಕೇಳಿ. ಎರಡೂ ಇದ್ದರೆ ಎರಡನೆಯದೇ ಸುಲಭ. ಲಾಗಿನ್ ಒತ್ತಿದಾಗ ಆ್ಯಪ್ ನಿಮ್ಮನ್ನು ಗುರುತಿನ ಸರ್ವರ್‌ಗೆ ಕಳಿಸುತ್ತದೆ. ಪಾಸ್‌ವರ್ಡ್ ಕೊಡುವುದು ಅಲ್ಲಿ ಮಾತ್ರ. ಆ್ಯಪ್‌ಗೆ ಸಿಗುವುದು ಡಿಜಿಟಲ್ ಸಹಿ ಇರುವ ಟೋಕನ್, ಅಂದರೆ ನೀವು ಯಾರೆಂದು ಹೇಳುವ ಚೀಟಿ. ವಾಪಸ್ ಬರುವ ವಿಳಾಸ, ಅಂದರೆ ರೀಡೈರೆಕ್ಟ್ ಯುಆರ್‌ಎಲ್, ಎರಡೂ ಕಡೆ ಅಕ್ಷರಶಃ ಒಂದೇ ಇರಲಿ. ಕೊನೆಯಲ್ಲಿ ಒಂದು ಓರೆಗೆರೆ ಜಾಸ್ತಿಯಾದರೂ ಲಾಗಿನ್ ನಿಂತುಬಿಡಬಹುದು.

ಮೈಸೂರಿನಿಂದ ಬರುವ ಆಡಿಟರ್‌ಗೆ ಹೊಸ ಪಾಸ್‌ವರ್ಡ್ ಬೇಡ. ಅವರ ಸಂಸ್ಥೆಯ ಗುರುತಿನ ಸರ್ವರನ್ನು ನಿಮ್ಮದು ನಂಬುವಂತೆ ಜೋಡಿಸಿದರೆ ಅವರು ತಮ್ಮ ಲಾಗಿನ್‌ನಲ್ಲೇ ಒಳಗೆ ಬರುತ್ತಾರೆ. ಇದೇ ಫೆಡರೇಟೆಡ್ ಐಡೆಂಟಿಟಿ. ಯಾವುದನ್ನು ನೋಡಬಹುದು ಎಂಬುದು ನಿಮ್ಮ ಕೈಯಲ್ಲೇ ಇರಲಿ.

ಎಲ್ಲ ಬಾಗಿಲಿಗೂ ಒಂದೇ ಕೀಲಿ ಆಯಿತು, ಅದನ್ನು ಭದ್ರ ಮಾಡಲೇಬೇಕು. ಎರಡನೇ ಹಂತದ ಪರಿಶೀಲನೆ ಕಡ್ಡಾಯ ಮಾಡಿ. ಎಸ್‌ಎಂಎಸ್ ಒಟಿಪಿ ನಂಬಬೇಡಿ. ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಅಥೆಂಟಿಕೇಟರ್ ಆ್ಯಪ್ ಆದರೆ ಫೋನಿನಲ್ಲೇ 30 ಸೆಕೆಂಡಿಗೊಮ್ಮೆ 6 ಅಂಕಿಯ ಹೊಸ ಕೋಡ್ ಕೊಡುತ್ತದೆ. ಸಿಗ್ನಲ್ ಬೇಕಿಲ್ಲ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಸ್ವಂತ ಸರ್ವರ್ ಇಟ್ಟವರು ಅದರ ಗಡಿಯಾರವನ್ನೂ ನೋಡಿ. ಕರೆಂಟ್ ಹೋಗಿ ಬಂದಾಗ ಸಮಯ ತಪ್ಪಿದ್ದರೆ, ಸರಿಯಾದ ಟೋಕನ್ನನ್ನೂ ಆ್ಯಪ್ ಅವಧಿ ಮುಗಿದಿದೆ ಎಂದು ತಳ್ಳಿಬಿಡಬಹುದು. ಸರ್ವರ್ ಕೈಕೊಟ್ಟಾಗ ಬಳಸಲು, ಸಾಧ್ಯವಿರುವ ಆ್ಯಪ್‌ಗಳಲ್ಲಿ ಒಂದು ತುರ್ತು ಅಡ್ಮಿನ್ ಖಾತೆ ಇಟ್ಟುಕೊಳ್ಳಿ.

ಒಬ್ಬರು ಕೆಲಸ ಬಿಟ್ಟ ದಿನ ಅವರ ಖಾತೆ ನಿಲ್ಲಿಸಿದರೆ ಹೊಸ ಲಾಗಿನ್ ನಿಲ್ಲುತ್ತದೆ. ಆದರೆ ಆಗಲೇ ತೆರೆದಿರುವ ಆ್ಯಪ್ ಕೆಲವೊಮ್ಮೆ ಗಂಟೆಗಟ್ಟಲೆ ತೆರೆದೇ ಇರುತ್ತದೆ. ಅದಕ್ಕೇ ಎಲ್ಲರಿಗೂ ಕೊಡುವ ಮುಂಚೆ ಒಂದು ಪರೀಕ್ಷಾ ಖಾತೆ ಮಾಡಿ. ಎಲ್ಲ ಆ್ಯಪ್‌ಗೂ ಲಾಗಿನ್ ಆಗಿ, ಖಾತೆ ನಿಲ್ಲಿಸಿ, ಯಾವುದು ಇನ್ನೂ ಓಡುತ್ತಿದೆ ನೋಡಿ. ಅಂಥ ಆ್ಯಪ್‌ನಲ್ಲಿ ಸೆಷನ್ ಅವಧಿ, ಅಂದರೆ ಒಮ್ಮೆ ಲಾಗಿನ್ ಆದರೆ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು, ಕಡಿಮೆ ಮಾಡಿ.