ಪಟ್ಟಿ ಬರುವವರೆಗೆ ಪೆನ್ಸಿಲೂ ಬೇಡ

ಹೊಸದಾಗಿ ಪರದೇಶಕ್ಕೆ ಬಂದ ನಮ್ಮವರು ಶಾಲೆ ಆರಂಭವಾಗುವ ಮುಂಚಿನ ವಾರಗಳಲ್ಲಿ ಮಾಡುವ ಖರ್ಚಿನಲ್ಲಿ ಬಹುಪಾಲು ಭಯದಿಂದಲೇ ಆಗುತ್ತದೆ. ಮಗು ಗೊತ್ತಿಲ್ಲದ ಮುಖಗಳ ನಡುವೆ ಹೋಗಿ ಕೂರಬೇಕು, ಪಾಟಿಚೀಲದಲ್ಲಾದರೂ ಕೊರತೆ ಕಾಣಬಾರದು ಎಂಬ ತಂದೆತಾಯಿಯರ ತಳಮಳವನ್ನು ನಾನು ಬಲ್ಲೆ. ಆದರೂ ಹೇಳುತ್ತೇನೆ: ಶಾಲೆಯವರು ಕೊಡುವ ಸಾಮಗ್ರಿ ಪಟ್ಟಿ ಕೈಗೆ ಬರುವವರೆಗೆ ಏನನ್ನೂ ಕೊಳ್ಳಬೇಡಿ, ಊರಿನಿಂದಲೂ ಹೊತ್ತು ತರಬೇಡಿ.

ನೋಟ್‌ಬುಕ್ಕುಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವವರು ಇಂದಿಗೂ ಇದ್ದಾರೆ. ಇಳಿದ ಮೇಲೆ ತೊಡಕು ಗೊತ್ತಾಗುತ್ತದೆ. ಅಮೆರಿಕ, ಕೆನಡಾಗಳಲ್ಲಿ ಬಳಕೆಯಲ್ಲಿರುವುದು ನಮ್ಮ ಎ4 ಹಾಳೆಯಲ್ಲ, ಲೆಟರ್ ಅಳತೆಯ ಹಾಳೆ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಲೆಟರ್ ಹಾಳೆಯ ಅಗಲ 216, ಉದ್ದ 279. ಊರಿನಿಂದ ತಂದ ಹಾಳೆ ಅಲ್ಲಿನ ಫೈಲಿನಿಂದ ಹೊರಗೆ ಇಣುಕುತ್ತದೆ. ಹಾಳೆಗಳನ್ನು ಸಿಕ್ಕಿಸಿಡುವ ಅಲ್ಲಿನ ಬೈಂಡರುಗಳಿಗೆ ಹಾಳೆಯಲ್ಲಿ ಮೂರು ರಂಧ್ರ ಬೇಕು. ಬೇರೆ ಹಲವು ದೇಶಗಳಲ್ಲಿ ಎರಡು ಇಲ್ಲವೇ ನಾಲ್ಕು. ಜರ್ಮನಿಯ ಪ್ರಾಥಮಿಕ ಶಾಲೆಗಳಲ್ಲಂತೂ ನೋಟ್‌ಬುಕ್ಕಿನ ಗೆರೆಗಳ ವಿನ್ಯಾಸಕ್ಕೂ ಸಂಖ್ಯೆಗಳಿವೆ. ಶಿಕ್ಷಕರು ಯಾವ ಸಂಖ್ಯೆ ಹೇಳುತ್ತಾರೋ ಅದೇ ಬೇಕು.

ಪಟ್ಟಿ ಬಂದ ಮೇಲೂ ಅಂಗಡಿಗೆ ಓಡಬೇಡಿ. ಮೊದಲು ಮನೆಯಲ್ಲಿ ಇರುವುದನ್ನೆಲ್ಲ ಮೇಜಿನ ಮೇಲೆ ಹರಡಿ, ಪಟ್ಟಿಯಲ್ಲಿ ಗುರುತು ಹಾಕಿ. ಅಮೆರಿಕದ ಪಟ್ಟಿಗಳಲ್ಲಿ ‘ನಂಬರ್ 2 ಪೆನ್ಸಿಲ್’ ಎಂದು ಇರುತ್ತದೆ. ಅದು ನಮ್ಮ ಎಚ್‌ಬಿ ಪೆನ್ಸಿಲ್ಲೇ, ಈಗಾಗಲೇ ನಿಮ್ಮ ಬಳಿ ಇರಬಹುದು. ಅಲ್ಲಿನ ಅನೇಕ ಪ್ರಾಥಮಿಕ ತರಗತಿಗಳಲ್ಲಿ ಪೆನ್ಸಿಲ್, ಅಂಟು, ಟಿಶ್ಯೂ ಪೆಟ್ಟಿಗೆ ಮೊದಲಾದವನ್ನು ಶಿಕ್ಷಕರು ಸಂಗ್ರಹಿಸಿ ಇಡೀ ತರಗತಿಗೆ ಹಂಚುತ್ತಾರೆ. ಹೀಗೆ ಎಲ್ಲರಿಗೂ ಸೇರುವ ವಸ್ತುವಿಗೆ ಚಿತ್ತಾರದ ದುಬಾರಿ ಪೆನ್ಸಿಲ್ ಕೊಂಡರೆ ಮಗುವಿಗೆ ಅದು ಸಿಗುವುದೂ ಇಲ್ಲ, ಸಿಗಲಿಲ್ಲವೆಂಬ ದುಃಖ ಬೇರೆ. ಯಾವುದು ಹಂಚಿಕೆಗೆ, ಯಾವುದು ಮಗುವಿನದೇ ಎಂದು ಶಿಕ್ಷಕರನ್ನು ಕೇಳಿ. ಮಗುವಿನದೇ ಆದ ವಸ್ತುಗಳ ಮೇಲೆ ಅಳಿಸದ ಶಾಯಿಯಲ್ಲಿ ಹೆಸರು ಬರೆಯಿರಿ. ಕಳೆದುಹೋದ ಸ್ವೆಟರನ್ನು ಮತ್ತೆ ಕೊಳ್ಳುವ ಖರ್ಚನ್ನು ಇದರಷ್ಟು ಸುಲಭವಾಗಿ ತಪ್ಪಿಸುವ ದಾರಿ ಬೇರೆ ಇಲ್ಲ.

ಇನ್ನು ಯಾವಾಗ ಕೊಳ್ಳುವುದು? ಉತ್ತರ ಗೋಳಾರ್ಧದ ಬಹುತೇಕ ದೇಶಗಳಲ್ಲಿ ಶಾಲೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಜನವರಿ ಕೊನೆ ಅಥವಾ ಫೆಬ್ರವರಿ. ಅದಕ್ಕೆ ಮುಂಚಿನ ವಾರಗಳಲ್ಲಿ ಅಂಗಡಿಗಳು ನೋಟ್‌ಬುಕ್, ಪೆನ್ಸಿಲ್‌ಗಳನ್ನು ಬಹಳ ಅಗ್ಗವಾಗಿ ಇಟ್ಟು ಕರೆಯುತ್ತವೆ. ಜೊತೆಯಲ್ಲೇ ಇರುವ ಪಾಟಿಚೀಲ, ನೀರಿನ ಬಾಟಲಿಗಳಿಗೆ ಸಾಮಾನ್ಯವಾಗಿ ಅಷ್ಟು ರಿಯಾಯಿತಿ ಇರುವುದಿಲ್ಲ. ಅಗ್ಗದ್ದನ್ನಷ್ಟೇ ತೆಗೆದುಕೊಂಡು ಹೊರಗೆ ಬನ್ನಿ. ಟೆಕ್ಸಾಸ್ ಸೇರಿದಂತೆ ಅಮೆರಿಕದ ಕೆಲವು ರಾಜ್ಯಗಳಲ್ಲಿ ಬೇಸಿಗೆಯ ಕೊನೆಗೆ ಕೆಲವು ದಿನ ಶಾಲಾ ಸಾಮಗ್ರಿ, ಬಟ್ಟೆಗಳ ಮೇಲೆ ಮಾರಾಟ ತೆರಿಗೆ ಇರುವುದಿಲ್ಲ. ನಿಮ್ಮ ರಾಜ್ಯದ ದಿನಾಂಕವನ್ನು ನೋಡಿಟ್ಟುಕೊಳ್ಳಿ. ತರಗತಿ ಶುರುವಾಗಿ ಎರಡು ಮೂರು ವಾರ ಕಳೆದರೆ ಉಳಿದ ಸರಕಿನ ಬೆಲೆ ಇನ್ನೂ ಇಳಿಯುತ್ತದೆ. ವರ್ಷದ ದ್ವಿತೀಯಾರ್ಧಕ್ಕೆ ಬೇಕಾದ ಹಾಳೆ, ಪೆನ್ಸಿಲ್, ಫೈಲುಗಳನ್ನು ಆಗ ಕೊಂಡಿಡಿ. ಅಂಟು, ಮಾರ್ಕರ್‌ಗಳನ್ನು ಮಾತ್ರ ರಾಶಿ ಹಾಕಬೇಡಿ, ಅವು ಒಣಗುತ್ತವೆ.

ಎಲ್ಲದರಲ್ಲೂ ಅಗ್ಗದ್ದೇ ಸಾಕು ಎಂದು ನಾನು ಹೇಳುವುದಿಲ್ಲ. ಪಾಟಿಚೀಲಕ್ಕೂ ಶೂಗಳಿಗೂ ಕೈ ಬಿಗಿ ಹಿಡಿಯಬೇಡಿ. ಒಳ್ಳೆಯ ಹೊಲಿಗೆ, ಅಗಲವಾದ ಎರಡು ಭುಜಪಟ್ಟಿಗಳು, ಗಟ್ಟಿ ಜಿಪ್ ಇರುವ ಚೀಲ ಹಲವು ವರ್ಷ ಬಾಳುತ್ತದೆ. ತುಂಬಿದ ಚೀಲದ ತೂಕ ಮಗುವಿನ ತೂಕದ ಶೇ. 10ರಿಂದ 20ರಷ್ಟನ್ನು ಮೀರಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಆದ್ದರಿಂದ ಖಾಲಿ ಚೀಲವೇ ಭಾರವಾಗಿದ್ದರೆ ಬೇಡ. ಕಾರ್ಟೂನ್ ಚಿತ್ರವಿರುವ ಚೀಲದ ಮೇಲಿನ ಆಸೆ ಮುಂದಿನ ವರ್ಷಕ್ಕೆ ಉಳಿಯುವುದು ಅಪರೂಪ. ಸಾದಾ ಚೀಲ ಕೊಂಡು, ಮಗುವಿಗೆ ಇಷ್ಟವಾದ ಒಂದು ಕೀ ಚೈನನ್ನು ಅದಕ್ಕೆ ತೂಗುಹಾಕಿ.

ದೊಡ್ಡ ಮಕ್ಕಳ ವಿಷಯದಲ್ಲಿ ದೊಡ್ಡ ಖರ್ಚು ಗ್ರಾಫಿಂಗ್ ಕ್ಯಾಲ್ಕುಲೇಟರಿನದು, ಅಂದರೆ ಪರದೆಯ ಮೇಲೆ ಗ್ರಾಫ್ ಬಿಡಿಸಿ ತೋರಿಸುವ ಕ್ಯಾಲ್ಕುಲೇಟರಿನದು. ಕೊಳ್ಳುವ ಮುಂಚೆ ಗಣಿತ ಶಿಕ್ಷಕರಿಗೆ ಬರೆಯಿರಿ. ಅನೇಕ ಶಾಲೆಗಳು ಎರವಲು ಕೊಡುತ್ತವೆ. 2004ರಲ್ಲಿ ಬಂದ ಟಿಐ-84 ಪ್ಲಸ್ ಮಾದರಿ ಇಂದಿಗೂ ಬಳಕೆಯಲ್ಲಿದೆ, ಹಾಗಾಗಿ ಹಳೆಯದನ್ನು ಕೊಂಡರೂ ನಷ್ಟವಿಲ್ಲ. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗಾಗಿಯೇ ಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು 2024ರಿಂದ ಅಮೆರಿಕದಲ್ಲೂ ಡಿಜಿಟಲ್ ಆಗಿದೆ, ಕ್ಯಾಲ್ಕುಲೇಟರ್ ಪರದೆಯಲ್ಲೇ ಇರುತ್ತದೆ.

ಸಮವಸ್ತ್ರ ಇರುವ ದೇಶಗಳಲ್ಲಿ ಹೊಸದಕ್ಕೆ ಮೊದಲು ಹಳೆಯದನ್ನು ವಿಚಾರಿಸಿ. ಇಂಗ್ಲೆಂಡಿನಲ್ಲಿ, ಪೋಷಕರಿಗೆ ಬಳಸಿದ ಸಮವಸ್ತ್ರ ಸಿಗುವ ವ್ಯವಸ್ಥೆ ಇರಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಶಾಲೆಗಳಿಗೆ ಹೇಳುತ್ತದೆ. ಆಸ್ಟ್ರೇಲಿಯದ ಹಲವು ಶಾಲೆಗಳಲ್ಲಿ ಪೋಷಕರೇ ಇಂಥ ಮಳಿಗೆ ನಡೆಸುತ್ತಾರೆ. ಬಳಸಿದ ಬಟ್ಟೆ ಮಗುವಿಗೆ ಹಾಕಿದರೆ ಜನ ಏನೆನ್ನುತ್ತಾರೋ ಎಂಬ ಅಳುಕು ನಮ್ಮವರಲ್ಲಿ ಇದೆ. ಇಲ್ಲಿ ಅದನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಒಳ್ಳೆಯ ಸಂಬಳದವರೂ ಸಾಲಿನಲ್ಲಿ ನಿಂತಿರುತ್ತಾರೆ. ನಿಮ್ಮ ಊರಿನ ಕನ್ನಡ ಸಂಘದ ಗುಂಪಿನಲ್ಲೂ ಮಗುವಿನ ಶಾಲೆ, ಅಳತೆ ಬರೆದು ಕೇಳಿ. ಹಿರಿಯ ಮಕ್ಕಳಿಗೆ ಚಿಕ್ಕದಾದ ಕೋಟು, ಸಂಗೀತ ವಾದ್ಯ, ಜ್ಯಾಮಿಟ್ರಿ ಪೆಟ್ಟಿಗೆ ನಮ್ಮಂಥವರ ಮನೆಗಳಲ್ಲಿ ಬೇಕಾದಷ್ಟು ಬಿದ್ದಿವೆ, ಕೇಳಿದರೆ ಸಂತೋಷದಿಂದ ಕೊಡುತ್ತೇವೆ.

ಮೊದಲ ಸಂಬಳ ಬರುವ ಮೊದಲೇ ಶಾಲೆ ಶುರುವಾದರೆ ಸಾಲ ಮಾಡಬೇಡಿ, ಕ್ರೆಡಿಟ್ ಕಾರ್ಡ್ ಉಜ್ಜಬೇಡಿ. ಶಾಲೆಯ ಕಚೇರಿಗೆ ಅಥವಾ ಆಪ್ತಸಮಾಲೋಚಕರಿಗೆ ಎರಡೇ ಸಾಲು ಬರೆಯಿರಿ: ನಾವು ಈಗಷ್ಟೇ ಬಂದಿದ್ದೇವೆ, ಪಟ್ಟಿಯಲ್ಲಿ ಈ ವಾರವೇ ಬೇಕಾದವು ಯಾವುವು, ಉಳಿದವನ್ನು ಮುಂದಿನ ತಿಂಗಳು ತರಬಹುದೇ, ಶಾಲೆಯಿಂದ ನೆರವು ಸಿಗುತ್ತದೆಯೇ. ಅನೇಕ ಶಾಲೆಗಳು ಇಂಥ ಮಕ್ಕಳಿಗಾಗಿ ಚೀಲ, ಪುಸ್ತಕಗಳನ್ನು ಎತ್ತಿಟ್ಟಿರುತ್ತವೆ, ಮತ್ತು ಬೇರೆ ಮಕ್ಕಳಿಗೆ ತಿಳಿಯದ ಹಾಗೆ ಕೊಡುತ್ತವೆ. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಕೆ ಇದ್ದರೆ ಸಂಘದವರಲ್ಲಿ ಯಾರಿಗಾದರೂ ಹೇಳಿ, ಜೊತೆಗೆ ಕುಳಿತು ಬರೆದುಕೊಡುತ್ತಾರೆ.