ಬಿಎಸ್‌ಎ ಬಿಟ್ಟ ಮೇಲೆ ಟಿರ್ಜೆಪಟೈಡ್ ದಾರಿಗೆ ಬಂತು

ಕಾಸರಗೋಡಿನಲ್ಲಿ ಕೂತು ಜಿಐಪಿ, ಜಿಎಲ್‌ಪಿ-1 (ಊಟವಾದಾಗ ಕರುಳು ಬಿಡುವ ಎರಡು ಹಾರ್ಮೋನು) ಎರಡರ ರಿಸೆಪ್ಟರಿನ, ಅಂದರೆ ಸೆಲ್ಲಿನ ಮೇಲೆ ಅವು ಬಂದು ಕೂರುವ ಪ್ರೊಟೀನಿನ, ಅಸ್ಸೇ (ಮದ್ದಿನ ಜೋರು ಅಳೆಯುವ ಪರೀಕ್ಷೆ) ಮಾಡುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. "ಅಲ್ಲಿ ಕರೆಂಟೇ ಇರಲ್ಲ, ಸೆಲ್ ಬದುಕುತ್ತಾ ಗುರು?" ಅಂತ. ಈಗ ಅವರೇ ಪ್ರೊಟೊಕಾಲ್ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಪರೀಕ್ಷೆಗಿಟ್ಟದ್ದು ಟಿರ್ಜೆಪಟೈಡ್, ಈ ಎರಡೂ ರಿಸೆಪ್ಟರನ್ನು ಎಬ್ಬಿಸುವ ಸಕ್ಕರೆ ಕಾಯಿಲೆಯ, ತೂಕ ಇಳಿಸುವ ಪೆಪ್ಟೈಡ್ (ಪುಟ್ಟ ಪ್ರೊಟೀನ್) ಮದ್ದು.

ದುಡ್ಡಿನ ವಿಷಯ ಮೊದಲು. ರಿಸೆಪ್ಟರ್ ಎದ್ದರೆ ಸೆಲ್ಲಿನೊಳಗೆ ಏರುವ ಸಿಎಎಂಪಿ ಅನ್ನುವ ಸಂದೇಶದ ಕಣ ಅಳೆಯುವ ಕಿಟ್ಟಿಗೆ ಲಕ್ಷದ ಮೇಲೆ ಕೊಟೇಶನ್. ಹೇಗೋ ಒಂದು ತರಿಸಿದರೆ ಪಾರ್ಸೆಲ್ ದಾರಿಯ ಗೋದಾಮಿನಲ್ಲೇ ಶನಿವಾರ ಭಾನುವಾರ ಕಳೆದು ಬಂತು, ಥರ್ಮಾಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ಚೂರೂ ಇರಲಿಲ್ಲ. ದುಡ್ಡು ಹೋದದ್ದು ಹೋಯಿತು. ಕಿಟ್ಟಿನ ಆಸೆ ಬಿಟ್ಟು, ಸಿಎಎಂಪಿ ಬಂದು ಕೂತರೆ ಬೆಳಕು ಕೊಡುವ ಲೂಸಿಫರೇಸ್ ಸೆನ್ಸರ್ ಹಿಡಿದೆ. ಮುಚ್ಚಿದ ಲ್ಯಾಬೊಂದರ ಹಳೇ ಲ್ಯೂಮಿನೋಮೀಟರ್ (ಬೆಳಕು ಅಳೆಯುವ ಯಂತ್ರ) ಎರಡೂವರೆ ಲಕ್ಷದ ಆಸುಪಾಸಿಗೆ ಸಿಕ್ಕಿತು. ಸೆಲ್ ಹೆಚ್‌ಇಕೆ 293 (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯನ ಸೆಲ್), ರಿಸೆಪ್ಟರಿಗೊಂದು ಲೈನ್, ಅಂದರೆ ಬೇರೆಬೇರೆ ಸೆಲ್ ತಳಿ. ಎರಡನ್ನೂ ಒಂದೇ ಸೆಲ್ಲಿಗೆ ತುರುಕಿಯೂ ನೋಡಿದ್ದೇನೆ, ಯಾವುದರಿಂದ ಎಷ್ಟು ಬೆಳಕು ಬಂತು ಅಂತ ದೇವರಿಗೂ ಗೊತ್ತಾಗಲಿಕ್ಕಿಲ್ಲ.

ಸತಾಯಿಸಿದ್ದು ಟಿರ್ಜೆಪಟೈಡ್. ಅದು ಜಿಐಪಿ ರಿಸೆಪ್ಟರಿಗೆ ದೇಹದ ಜಿಐಪಿಯಷ್ಟೇ ಗಟ್ಟಿಯಾಗಿ ಅಂಟುತ್ತದೆ, ಜಿಎಲ್‌ಪಿ-1 ಕಡೆ ದೇಹದ ಜಿಎಲ್‌ಪಿ-1ಗಿಂತ ಸುಮಾರು 5 ಪಟ್ಟು ಸಡಿಲ, ನಿಮಗೆ ಗೊತ್ತಿದ್ದದ್ದೇ. ನನ್ನ ಪ್ಲೇಟಿನಲ್ಲಿ ಎರಡೂ ಕರ್ವ್ ಇನ್ನೂ ಹತ್ತಿಪ್ಪತ್ತು ಪಟ್ಟು ಬಲಕ್ಕೆ ಓಡಿದ್ದವು, ಅಂದರೆ ಅಷ್ಟೇ ಬೆಳಕಿಗೆ ಅಷ್ಟು ಪಟ್ಟು ಜಾಸ್ತಿ ಮದ್ದು ಬೇಕಾಗಿತ್ತು. ಪಕ್ಕದಲ್ಲೇ ದೇಹದ ಜಿಐಪಿ ಸರಿಯಾಗಿ ಕೂತಿತ್ತು. ಪೆಪ್ಟೈಡ್ ಕೆಟ್ಟಿದೆ ಅಂದರು ಎಲ್ಲರೂ. ಮಾಸ್ ಸ್ಪೆಕ್‌ನಲ್ಲಿ ಅಣುವಿನ ತೂಕ ನೋಡಿದರೆ ಕ್ಲೀನ್. ಕಳ್ಳ ಇದ್ದದ್ದು ಬಫರಿನಲ್ಲಿ. ಟಿರ್ಜೆಪಟೈಡಿನ 20 ಕಾರ್ಬನ್ನಿನ ಕೊಬ್ಬಿನ ಬಾಲ ಇರುವುದೇ ರಕ್ತದ ಪ್ರೊಟೀನಾದ ಆಲ್ಬುಮಿನ್ ಹಿಡಿದುಕೊಳ್ಳಲಿಕ್ಕೆ, ವಾರಕ್ಕೊಂದು ಇಂಜೆಕ್ಷನ್ ಸಾಕಾಗುವುದೂ ಬಹುಮಟ್ಟಿಗೆ ಅದರಿಂದಲೇ. ನಾವೆಲ್ಲ ರೂಢಿಗೆ 0.1% ಬಿಎಸ್‌ಎ (ದನದ ಆಲ್ಬುಮಿನ್) ಸುರಿಯುತ್ತೇವೆ, ಪೆಪ್ಟೈಡ್ ಹೋಗಿ ಅಲ್ಲೇ ಕೂರುತ್ತದೆ. ಬಿಎಸ್‌ಎ ಪೂರ್ತಿ ತೆಗೆದರೆ ಪೆಪ್ಟೈಡ್ ಪ್ಲಾಸ್ಟಿಕ್ಕಿಗೆ ಅಂಟಿ, ಪ್ಲೇಟಿನ ಮೂರು ವೆಲ್ಲಿಗೆ (ಗುಳಿಗೆ) ಮೂರು ದಾರಿ.

ಬದಲಿಗೆ 0.1% ಕೇಸೀನ್ (ಹಾಲಿನ ಪ್ರೊಟೀನ್) ಹಾಕಿದೆ, ಕರ್ವ್ ದಾರಿಗೆ ಬಂತು. ಕರಗಿಸುವುದೇ ದೊಡ್ಡ ಕೆಲಸ. ತುಸು ಕ್ಷಾರ ಹಾಕಿ, ಬೆಚ್ಚಗೆ ಮಾಡಿ, ನಿಧಾನ ತಿರುಗಿಸಬೇಕು. ಪಿಹೆಚ್ ಇಳಿಸುವಾಗ ಆಸಿಡ್ ಒಂದೇ ಕಡೆ ಬಿದ್ದರೆ ಅಲ್ಲೇ ಬಿಳಿ ಚೂರು, ಹಾಲು ಒಡೆದ ಹಾಗೆ, ಫಿಲ್ಟರ್ ಕಟ್ಟಿತು ಅಂತಲೇ ಲೆಕ್ಕ. ಉಪ್ಪುಗಳನ್ನು ಯಾವ ಕ್ರಮದಲ್ಲಿ ಹಾಕುತ್ತೇನೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಕ್ಲೋನ್ (ಒಂದೇ ಸೆಲ್ಲಿನಿಂದ ಬೆಳೆಸಿದ ತಳಿ) ವಿಷಯದಲ್ಲೂ ಜಗಳ ಆಯಿತು. ಜಾಸ್ತಿ ಬೆಳಗುವುದನ್ನೇ ಆರಿಸು ಅಂದರು. ಅದರಲ್ಲಿ ರಿಸೆಪ್ಟರ್ ಎಷ್ಟು ತುಂಬಿತ್ತು ಅಂದರೆ ಸೊಟ್ಟ ಪೆಪ್ಟೈಡೂ ಪೂರ್ತಿ ಅಗೋನಿಸ್ಟ್ (ರಿಸೆಪ್ಟರನ್ನು ಪೂರಾ ಎಬ್ಬಿಸುವಂಥದ್ದು) ಹಾಗೆ ಕಾಣುತ್ತಿತ್ತು. ಕಸಕ್ಕೆ ಹಾಕಲಿಕ್ಕಿದ್ದ ಮಂಕು ಕ್ಲೋನೇ ವ್ಯತ್ಯಾಸ ತೋರಿಸಿದ್ದು.

ಆಟಿಯ ಮಳೆಗೆ ಇನ್‌ಕ್ಯುಬೇಟರಿನಲ್ಲಿ ಬೂಸ್ಟು ಬಂದು ಎರಡು ಲೈನೂ ಹೋದವು, ಸ್ಟಾಕ್ ಇತ್ತು ಅಂತ ಬಚಾವಾದೆ. ಈಗ ನೀರಿನ ತಟ್ಟೆಗೆ ಮೈಲುತುತ್ತು ಹಾಕುತ್ತೇನೆ. ಅಡಿಕೆ ತೋಟ ಇರುವ ಮನೆಯಲ್ಲಿ ಅದಕ್ಕೇನು ಬರ, ಅಲ್ವಾ?

ಸುಮ್ನೆ ಕುತೂಹಲಕ್ಕೆ ಇಲಿಯ ಜಿಐಪಿ ರಿಸೆಪ್ಟರನ್ನೂ ಹಾಕಿ ನೋಡಿದೆ. ಟಿರ್ಜೆಪಟೈಡ್ ಅಲ್ಲಿ ಮನುಷ್ಯನದ್ದಕ್ಕಿಂತ ತುಂಬಾ ಸಪ್ಪೆ. ಇಲಿಯ ತೂಕ ನೋಡಿ ಜಿಐಪಿ ಬಗ್ಗೆ ತೀರ್ಪು ಕೊಡುವವರು ಇದನ್ನು ಮರೆಯಬಾರದು.

ಪ್ಲೇಟಿಗೆ ಈಗ ಹೆಚ್ಚುಕಮ್ಮಿ ಮೂರು ಸಾವಿರ ಬೀಳುತ್ತದೆ, ಅರ್ಧ ಲೋ-ಬೈಂಡ್ ಟಿಪ್ಪಿಗೇ. ಮುಂದೆ ಬೀಟಾ-ಅರೆಸ್ಟಿನ್ (ಎದ್ದ ರಿಸೆಪ್ಟರನ್ನು ತಣ್ಣಗಾಗಿಸುವ ಪ್ರೊಟೀನ್) ನೋಡಬೇಕು, ಜಿಎಲ್‌ಪಿ-1 ರಿಸೆಪ್ಟರಿನಲ್ಲಿ ಈ ಮದ್ದು ಅದನ್ನು ಕಮ್ಮಿ ಕರೆಯುತ್ತದಲ್ಲ. ಯಾರ ಹತ್ತಿರವಾದರೂ ಆ ಲೈನ್ ಇದ್ದರೆ ಹೇಳಿ, ಬದಲಿಗೆ ನನ್ನ ಮಂಕು ಕ್ಲೋನ್ ಕೊಡುತ್ತೇನೆ.